ಕರಿಮರಳಿನ ಸದ್ದು

ಮಾಗಡಿ ಸೀಮೆಯಲ್ಲಿ ಒಂದು ಜೋರು ಮಳೆ ಹೊಡೆದು ನಿಂತ ಮೇಲೆ ಹೊಲದ ಬದುವಿನ ಕಾಲುವೆ, ಬಂಡಿಜಾಡು, ಹಳ್ಳದ ತಿರುವುಗಳನ್ನು ನೋಡಬೇಕು. ನೀರು ಇಳಿದುಹೋದ ದಾರಿಯಲ್ಲಿ ಮರಳಿನ ಮೇಲೆ ಕಾಡಿಗೆ ತೀಡಿದ ಹಾಗೆ ಕಪ್ಪು ಗೆರೆಗಳು ಉಳಿದಿರುತ್ತವೆ. ಕೆಟ್ಟ ರೇಡಿಯೊದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತಕ್ಕೆ ದಾರ ಕಟ್ಟಿ ಆ ಗೆರೆಯ ಮೇಲೆ ಎಳೆದರೆ ಅದರ ಮೈಮೇಲೆಲ್ಲ ಕರಡಿಗೆ ಇರುವಂಥ ಕಪ್ಪು ರೋಮ ಹುಟ್ಟುತ್ತದೆ. ನಮ್ಮ ಕಡೆಯ ಹುಡುಗರಿಗೆಲ್ಲ ಗೊತ್ತಿದ್ದ ಆಟ ಇದು. ಆ ಪುಡಿಯನ್ನು ಕಾಗದದ ಮೇಲೆ ಹರಡಿ ಕೆಳಗಿನಿಂದ ಅಯಸ್ಕಾಂತ ಆಡಿಸಿದರೆ ಪುಡಿ ಎದ್ದು ನಿಂತು ಕುಣಿಯುತ್ತದೆ. ಕುಣಿತ ಮುಗಿದ ಮೇಲೆ ಅದನ್ನು ಅಲ್ಲೇ ಕೊಡವಿ ಮನೆಗೆ ಹೋಗುವುದು ವಾಡಿಕೆ. ಇಟ್ಟುಕೊಳ್ಳುವಂಥ ವಸ್ತು ಅದು ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ಕಪ್ಪು ಪುಡಿಯ ಬಹುಪಾಲು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು. ಸಾವನದುರ್ಗ, ರಾಮಗಿರಿ, ಶಿವಗಂಗೆಯಂಥ ಬಂಡೆಗಳು ಸುಮಾರು 250 ಕೋಟಿ ವರ್ಷಗಳ ಹಿಂದಿನವು. ಇವನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರು ಆ ಹೆಸರನ್ನು ಬಿಟ್ಟರೂ ಕಲ್ಲು ಬಿಡಲಿಲ್ಲ. ಈ ಬಂಡೆಗಳೂ ಸುತ್ತಲಿನ ಇನ್ನೂ ಹಳೆಯ ಕಲ್ಲುಗಳೂ ಬಿಸಿಲು ಮಳೆಗೆ ಸವೆದು ಮರಳಾದಾಗ ಅದರೊಳಗಿನ ಕಬ್ಬಿಣದ ಕಣಗಳು ಬಿಡಿಯಾಗುತ್ತವೆ. ಸಾಧಾರಣ ಮರಳು ನೀರಿಗಿಂತ ಎರಡೂವರೆ ಪಟ್ಟಿಗೆ ಸ್ವಲ್ಪ ಹೆಚ್ಚು ತೂಕವಾದರೆ ಮ್ಯಾಗ್ನೆಟೈಟ್ ಐದು ಪಟ್ಟಿಗೂ ಮೀರಿ ತೂಗುತ್ತದೆ. ಅಕ್ಕಿ ಜಾಲಿಸುವವರಿಗೆ ಇದನ್ನು ವಿವರಿಸಬೇಕಿಲ್ಲ. ನೀರಿನಲ್ಲಿ ಅಲುಗಾಡಿಸಿದರೆ ಹಗುರವಾದದ್ದು ಮುಂದೆ ಹೋಗುತ್ತದೆ, ತೂಕದ್ದು ಹಿಂದೆ ಉಳಿಯುತ್ತದೆ. ಮಳೆ ಇಡೀ ಸೀಮೆಯನ್ನೇ ಜಾಲಿಸುತ್ತಿದೆ, ಅಷ್ಟೇ.

ಈ ಕರಿಮರಳಿನ ಬಗ್ಗೆ ನಾನು ಮತ್ತೆ ಯೋಚಿಸುವಂತಾದದ್ದು ಸಮುದ್ರದ ಕಡೆಯಿಂದ. ಉಡುಪಿಯಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ಒಂದು ಮೆಟಲ್ ಡಿಟೆಕ್ಟರ್ ಕೊಂಡಿದ್ದ. ಬಿಡುವಿನ ದಿನ ಮಲ್ಪೆಯ ತೀರದಲ್ಲಿ ನಸುಕಿಗೇ ಎದ್ದು ಅದನ್ನು ಆಡಿಸುವುದು ಅವನ ಹವ್ಯಾಸ. ನೆಲದ ಮೇಲೆ ತೇಲಿಸುವ ತಟ್ಟೆಯಂಥ ಭಾಗಕ್ಕೆ ಕಾಯಿಲ್ ಎನ್ನುತ್ತಾರೆ. ಒಣಮರಳಿಗೆ ಒಂದು ಕಾಯಿಲ್, ಒದ್ದೆ ಮರಳಿಗೆ ಇನ್ನೊಂದು ಬೇಕಾಗುತ್ತದಂತೆ. "ಮಾವ, ನೀವು ಇಂಥದ್ದೆಲ್ಲ ಓದ್ತಿರ್ತೀರಲ್ಲ, ಯಾವುದು ತಗೊಳ್ಳಲಿ ಹೇಳಿ" ಎಂದು ಕೇಳಿದ. ಓದುತ್ತಾ ಹೋದಂತೆ ಅದು ಅಂಗಡಿಯ ಪ್ರಶ್ನೆಯಾಗಿ ಉಳಿಯಲಿಲ್ಲ. ನೆಲದೊಳಗಿನಿಂದ ಬರುವ ಸದ್ದುಗಳಲ್ಲಿ ಯಾವುದನ್ನು ಕೇಳಬೇಕು, ಯಾವುದನ್ನು ಕೇಳಿಸಿಕೊಳ್ಳಬಾರದು ಎಂದು ಮೊದಲೇ ತೀರ್ಮಾನ ಮಾಡುವ ಪ್ರಶ್ನೆ ಅದು. ಚರಿತ್ರೆ ಬರೆಯುವವರೂ ದಿನವೂ ಮಾಡುವ ಕೆಲಸ ಅದೇ.

ಯಂತ್ರದ ಕೆಲಸ ಅರ್ಥವಾಗದಷ್ಟು ಕಷ್ಟದ್ದಲ್ಲ. ಕಾಯಿಲಿನೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ತು ಹರಿದು, ನೆಲದೊಳಕ್ಕೆ ಇಳಿಯುವ ಕಾಂತಕ್ಷೇತ್ರ ಹುಟ್ಟುತ್ತದೆ. ಕೆಳಗೆ ಉಂಗುರವೋ ನಾಣ್ಯವೋ ಇದ್ದರೆ ಅದರ ಮೈಯಲ್ಲಿ ಸುಳಿಸುಳಿಯಾಗಿ ಸಣ್ಣ ವಿದ್ಯುತ್ತು ಹರಿಯತೊಡಗುತ್ತದೆ, ಅದು ತನ್ನದೇ ಒಂದು ಪುಟ್ಟ ಕಾಂತಕ್ಷೇತ್ರವನ್ನು ಹಿಂದಕ್ಕೆ ಕಳಿಸುತ್ತದೆ. ಎರಡನೆಯ ಸುರುಳಿ ಅದನ್ನು ಹಿಡಿದು ಕಿವಿಗೆ ಸದ್ದಾಗಿ ಕೊಡುತ್ತದೆ. ನಾವು ಒಂದು ಕೂಗು ಹಾಕಿ ಮಾರ್ದನಿ ಕೇಳಿದಂತೆ.

ಒಣಮರಳಿನಲ್ಲಿ ಇದು ಸುಲಭ. ಮರಳು ವಿದ್ಯುತ್ತಿಗೆ ದಾರಿ ಕೊಡುವುದಿಲ್ಲ, ಒಣಗಿದ ಉಪ್ಪೂ ಕೊಡುವುದಿಲ್ಲ. ನೆಲ ಸುಮ್ಮನಿರುವುದರಿಂದ ದೊಡ್ಡ ಕಾಯಿಲ್ ಹಾಕಿಕೊಂಡು ಅಗಲವಾಗಿ ಬೀಸುತ್ತಾ ಹೋಗಬಹುದು. ಉಂಗುರದೊಳಗೆ ಉಂಗುರ ಇಟ್ಟಂತೆ ಸುತ್ತಿದ ಕಾಯಿಲುಗಳು ಇಲ್ಲಿ ಚೆನ್ನಾಗಿ ನಡೆಯುತ್ತವೆ. ಅವುಗಳ ಕ್ಷೇತ್ರ ನೆಲದೊಳಗೆ ಶಂಕುವಿನ ಆಕಾರದಲ್ಲಿ ಇಳಿಯುತ್ತದೆ, ವಸ್ತು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತದೆ. ಅಲೆ ಬಂದು ಹೋಗುವ ಒದ್ದೆ ಮರಳಿಗೆ ಕಾಲಿಟ್ಟ ಕೂಡಲೇ ಆಟ ಬದಲಾಗುತ್ತದೆ. ನೀರಿನಲ್ಲಿ ಕರಗಿದ ಉಪ್ಪು ವಿದ್ಯುತ್ತನ್ನು ಒಯ್ಯುತ್ತದೆ. ಇಡೀ ತೀರವೇ ಒಂದು ತೆಳ್ಳನೆಯ ಲೋಹದ ತಗಡಿನಂತೆ ಯಂತ್ರಕ್ಕೆ ಕಾಣಿಸಿ ಅದು ಎಡೆಬಿಡದೆ ಕಿರುಚತೊಡಗುತ್ತದೆ. ಕಾಯಿಲನ್ನು ನಾಲ್ಕು ಬೆರಳು ಮೇಲೆತ್ತಿದರೆ ಒಂದು ಸದ್ದು, ಇಳಿಸಿದರೆ ಇನ್ನೊಂದು.

ಅಲ್ಲಿಗೆ ಹೇಳಿಮಾಡಿಸಿದ್ದು ಡಬಲ್ ಡಿ ಎಂಬ ಕಾಯಿಲ್. ಇಂಗ್ಲಿಷಿನ ಡಿ ಅಕ್ಷರದಾಕಾರದ ಎರಡು ಸುರುಳಿಗಳನ್ನು ಬೆನ್ನಿಗೆ ಬೆನ್ನು ತಾಗಿಸಿ, ನಡುವೆ ಸ್ವಲ್ಪ ಒಂದರ ಮೇಲೊಂದು ಬರುವಂತೆ ಇಟ್ಟಿರುತ್ತಾರೆ. ಇದರ ಕ್ಷೇತ್ರ ಶಂಕುವಿನಂತೆ ಹರಡದೆ ಕುಡುಗೋಲಿನ ಅಲಗಿನಂತೆ ಕಿರಿದಾಗಿ ಇಳಿಯುತ್ತದೆ. ಒಂದು ಸಲಕ್ಕೆ ನೋಡುವ ನೆಲ ಕಡಿಮೆಯಾದ್ದರಿಂದ ನೆಲದ ಗದ್ದಲವೂ ಕಡಿಮೆ. ದೊಡ್ಡ ಕಾಯಿಲ್ ಹೆಚ್ಚು ಆಳ ನೋಡುತ್ತದೆಂಬುದು ನಿಜ, ಆದರೆ ಹೆಚ್ಚು ಉಪ್ಪನ್ನೂ ನೋಡುತ್ತದೆ, ನೀರಿನಲ್ಲಿ ಎಳೆಯಲು ಹೆಚ್ಚು ತೋಳಬಲವನ್ನೂ ಬೇಡುತ್ತದೆ. ಆದ್ದರಿಂದ ಒದ್ದೆ ಮರಳಿಗೆ ಮಧ್ಯಮ ಗಾತ್ರದ್ದೇ ಒಳ್ಳೆಯದು. ಕಾಯಿಲ್ ಒಂದರಿಂದಲೇ ಎಲ್ಲವೂ ಆಗುವುದಿಲ್ಲ. ಒಂದಕ್ಕಿಂತ ಹೆಚ್ಚು ಆವರ್ತನಗಳಲ್ಲಿ ಒಟ್ಟಿಗೇ ಕೆಲಸ ಮಾಡುವ ಯಂತ್ರಗಳು ಎರಡು ಆವರ್ತನಗಳ ಉತ್ತರಗಳನ್ನು ಹೋಲಿಸಿ ಉಪ್ಪಿನ ಪಾಲನ್ನು ಕಳೆದುಬಿಡುತ್ತವೆ. ಪಲ್ಸ್ ಇಂಡಕ್ಷನ್ ಎಂಬ ಇನ್ನೊಂದು ಬಗೆ ಕೂಗು ಹಾಕಿ ಒಂದು ಕ್ಷಣ ಕಾದು ಆಮೇಲೆ ಕೇಳುತ್ತದೆ. ಉಪ್ಪುನೀರಿನ ಉತ್ತರ ಬೇಗ ಸಾಯುತ್ತದೆ, ಲೋಹದ ಉತ್ತರ ಇನ್ನೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಆದರೆ ಈ ಬಗೆಗೆ ಚಿನ್ನ ಯಾವುದು, ತುಕ್ಕು ಹಿಡಿದ ಮೊಳೆ ಯಾವುದು ಎಂಬ ವಿವೇಚನೆ ಕಡಿಮೆ.

ಉಪ್ಪಿನ ನಂತರದ ಎರಡನೆಯ ಶತ್ರು ಕರಿಮರಳು. ಕಡಲ ತೀರದಲ್ಲೂ ಅಲೆಗಳು ಜಾಲಿಸುವ ಕೆಲಸವನ್ನೇ ಮಾಡುತ್ತವೆ. ಮುಂಗಾರಿನ ಅಬ್ಬರಕ್ಕೆ ಹಗುರ ಮರಳು ಕೊಚ್ಚಿಹೋಗಿ ಕಪ್ಪು ಪಟ್ಟೆಗಳು ಬಯಲಾಗುತ್ತವೆ. ಕಾರವಾರದ ಮಾಜಾಳಿಯ ಹತ್ತಿರ ತಿಳಮಾತಿ ಎಂಬ ಪುಟ್ಟ ತೀರವಿದೆ. ಎಳ್ಳು ಚೆಲ್ಲಿದಂತೆ ಮರಳು ಕಪ್ಪಗಿರುವುದಕ್ಕೆ ಅದಕ್ಕೆ ಆ ಹೆಸರು. ಮ್ಯಾಗ್ನೆಟೈಟ್ ಇರುವ ಮರಳು ಅಯಸ್ಕಾಂತಕ್ಕೆ ಸ್ಪಂದಿಸುವಂತೆ ಕಾಯಿಲಿಗೂ ಸ್ಪಂದಿಸುತ್ತದೆ, ಅದರ ಮರೆಯಲ್ಲಿರುವ ಸಣ್ಣ ವಸ್ತುವಿನ ದನಿಯನ್ನು ಮುಚ್ಚುತ್ತದೆ. ಹಾಗೆಂದು ಬಿಟ್ಟುಹೋಗುವಂತೆಯೂ ಇಲ್ಲ. ಉಂಗುರವೂ ಹಳೆಯ ನಾಣ್ಯವೂ ತೂಕದ ವಸ್ತುಗಳೇ, ಅವೂ ಕಪ್ಪು ಪಟ್ಟೆಯ ಜೊತೆಗೇ ಬಂದು ಕೂರುತ್ತವೆ. ಯಂತ್ರಕ್ಕೆ ಎಲ್ಲಿ ಕಿವಿ ಮಂದವೋ ಅಲ್ಲೇ ಸಿಕ್ಕುವುದು ಹೆಚ್ಚು. ಹೊಳೆಮರಳಿನಲ್ಲಿ ಚಿನ್ನ ಜಾಲಿಸುತ್ತಿದ್ದ ಜಲಗಾರರು ಈ ಗುಟ್ಟನ್ನು ಯಂತ್ರವಿಲ್ಲದೆಯೇ ಬಲ್ಲವರಾಗಿದ್ದರು. ಮರಿಗೆಯ ತಳದಲ್ಲಿ ಕಪ್ಪು ಉಳಿಯಿತೆಂದರೆ ಅದರೊಳಗೆ ಹಳದಿ ಚುಕ್ಕೆ ಹುಡುಕಬೇಕು.

ಒಂದು ಬೆಳಿಗ್ಗೆ ನಾನೂ ಅವನ ಜೊತೆ ಮಲ್ಪೆಯಲ್ಲಿ ನಡೆದೆ. ಒಣಮರಳಿನಲ್ಲಿ ಸೋಡಾ ಬಾಟಲಿಯ ಮುಚ್ಚಳ, ಗುಟ್ಕಾ ಚೀಟಿನ ಬೆಳ್ಳಿಹಾಳೆ, ಒಂದು ಕೊಕ್ಕೆ, ಎರಡು ರೂಪಾಯಿಯ ಒಂದು ನಾಣ್ಯ ಸಿಕ್ಕವು. ಆ ನಾಣ್ಯ ಸಿಕ್ಕಿದ್ದು ಅವನು ಕಬ್ಬಿಣವನ್ನು ತಳ್ಳಿಹಾಕುವ ಗುಂಡಿಯನ್ನು ಆರಿಸಿದ ಮೇಲೆ. ಡಿಟೆಕ್ಟರುಗಳಲ್ಲಿ ಅಂಥದೊಂದು ಏರ್ಪಾಡಿದೆ. ಮೊಳೆ, ತಂತಿ, ತಗಡುಗಳ ಸದ್ದು ಕಿವಿಗೆ ಬರದಂತೆ ಮಾಡಿ ಚಿನ್ನ, ಬೆಳ್ಳಿ, ತಾಮ್ರದ ಸದ್ದನ್ನು ಮಾತ್ರ ಉಳಿಸುತ್ತದೆ. ನಮ್ಮ ಈಗಿನ ಒಂದು, ಎರಡು ರೂಪಾಯಿಯ ನಾಣ್ಯಗಳು ಬಹುಪಾಲು ಅಯಸ್ಕಾಂತಕ್ಕೆ ಅಂಟುವ ಉಕ್ಕಿನವು. ಗುಂಡಿ ಒತ್ತಿದರೆ ಯಂತ್ರದ ಲೆಕ್ಕದಲ್ಲಿ ಅವೂ ಕಸ.

ಈ ಯಂತ್ರದ ಚರಿತ್ರೆಯ ಮೊದಲ ದೊಡ್ಡ ಸೋಲೂ ಬೇಡದ ಲೋಹದ್ದೇ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರಿಗೆ ಗುಂಡು ತಗುಲಿತು. ಮೈಯೊಳಗೆ ಗುಂಡು ಎಲ್ಲಿದೆ ಎಂದು ವೈದ್ಯರಿಗೆ ತಿಳಿಯಲಿಲ್ಲ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಎರಡು ಸುರುಳಿಗಳನ್ನು ತೂಗಿ ನಿಲ್ಲಿಸಿದ ಒಂದು ಉಪಕರಣ ಮಾಡಿಕೊಂಡು ಬಂದ. ಬೇರೆಯವರ ಮೇಲೆ ಚೆನ್ನಾಗಿ ನಡೆದಿದ್ದ ಉಪಕರಣ ಅಧ್ಯಕ್ಷರ ಹಾಸಿಗೆಯ ಬಳಿ ಗೊಂದಲಕ್ಕೆ ಬಿತ್ತು. ಹಾಸಿಗೆಯಲ್ಲಿ ಉಕ್ಕಿನ ಸ್ಪ್ರಿಂಗುಗಳಿದ್ದವು. ಜೊತೆಗೆ ವೈದ್ಯರು ಗುಂಡು ಬಲಗಡೆ ಇದೆ ಎಂದು ನಂಬಿ ಆ ಭಾಗವನ್ನಷ್ಟೇ ಹುಡುಕಲು ಬಿಟ್ಟರು. ಗುಂಡು ಇದ್ದದ್ದು ಎಡಗಡೆ. ಸೆಪ್ಟೆಂಬರ್ 19ರಂದು ಗಾರ್‌ಫೀಲ್ಡ್ ತೀರಿಕೊಂಡರು. ಎಲ್ಲಿ ಹುಡುಕಬೇಕು ಎಂಬುದನ್ನು ಮೊದಲೇ ನಿರ್ಧರಿಸಿಬಿಟ್ಟರೆ ಎಂಥ ಯಂತ್ರವೂ ಕುರುಡೇ.

ಆಮೇಲೆ 1930ರ ದಶಕದಲ್ಲಿ ಗೆರ್ಹಾರ್ಡ್ ಫಿಶರ್ ಎಂಬ ಜರ್ಮನ್ ವಲಸೆಗಾರ ವಿಮಾನಗಳಿಗೆ ರೇಡಿಯೊದಿಂದ ದಿಕ್ಕು ತೋರಿಸುವ ಕೆಲಸ ಮಾಡುತ್ತಿದ್ದಾಗ, ನೆಲದಲ್ಲಿ ಲೋಹವಿದ್ದ ಕಡೆ ಉಪಕರಣ ತಪ್ಪು ತೋರಿಸುವುದನ್ನು ಗಮನಿಸಿದ. ಆ ತಪ್ಪನ್ನೇ ಕಸುಬು ಮಾಡಿಕೊಂಡು 1937ರಲ್ಲಿ ಪೇಟೆಂಟ್ ಪಡೆದ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಝೆಫ್ ಕೊಸಾಟ್ಸ್ಕಿ ಸೈನಿಕನೊಬ್ಬ ಕೈಯಲ್ಲಿ ಹಿಡಿದು ನಡೆಯಬಹುದಾದ ನೆಲಬಾಂಬು ಶೋಧಕ ಮಾಡಿದ. 1942ರಲ್ಲಿ ಎಲ್ ಅಲಮೀನ್‌ನ ಮರಳುಗಾಡಿನಲ್ಲಿ ಅಂಥ ನೂರಾರು ಯಂತ್ರಗಳು ದಾರಿ ಬಿಡಿಸಿದವು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಹಳೆಯ ಶೋಧಕಗಳು ಹವ್ಯಾಸಿಗಳ ಕೈಗೆ ಬಂದವು. ಸಾವನ್ನು ಹುಡುಕಲು ಮರಳಿಗೆ ಇಳಿದ ಯಂತ್ರ ಕಳೆದುಹೋದ ಉಂಗುರ ಹುಡುಕುವ ಕೆಲಸಕ್ಕೆ ತಿರುಗಿಕೊಂಡಿತು.

ಈಗ ಮತ್ತೆ ಮಾಗಡಿಗೆ ಬರೋಣ. ಈ ಎಲ್ಲ ಯಂತ್ರಗಳೂ ಗದ್ದಲವೆಂದು ತಳ್ಳುವ ಕರಿಮರಳು ನಮ್ಮ ಸೀಮೆಯಲ್ಲಿ ಒಂದು ಕಾಲಕ್ಕೆ ಬದುಕಾಗಿತ್ತು. ಟಿಪ್ಪು ಸುಲ್ತಾನ್ ತೀರಿಕೊಂಡ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದ. ಏನು ಬೆಳೆಯುತ್ತಾರೆ, ಏನು ನೇಯುತ್ತಾರೆ, ಏನು ಕಾಯಿಸುತ್ತಾರೆ ಎಂದು ಬಿಡದೆ ಕೇಳಿ ಬರೆದುಕೊಂಡ. ಚನ್ನಪಟ್ಟಣ, ಮಾಗಡಿಯ ದಾರಿಯಲ್ಲೂ ಹಾದುಹೋದ. ಮಳೆಗಾಲದಲ್ಲಿ ತೊರೆಗಳು ಹೊತ್ತುತಂದ ಕರಿಮರಳನ್ನು ಜನ ಬಾಚಿ, ತೊಳೆದು, ಇದ್ದಿಲ ಜೊತೆ ಮಣ್ಣಿನ ಕುಲುಮೆಗೆ ಹಾಕಿ ಕಬ್ಬಿಣ ತೆಗೆಯುತ್ತಿದ್ದ ಬಗೆ ಅವನ ಬರಹದಲ್ಲಿ ಬರುತ್ತದೆ. ಅದಿರಿಗಾಗಿ ಬೆಟ್ಟ ಅಗೆಯಬೇಕಿರಲಿಲ್ಲ. ಬೆಟ್ಟವೇ ಪ್ರತಿ ಮಳೆಗೂ ಅದಿರನ್ನು ಮನೆಯ ಹತ್ತಿರಕ್ಕೆ ಕಳಿಸುತ್ತಿತ್ತು.

ಆ ಕಬ್ಬಿಣವನ್ನು ಉಕ್ಕು ಮಾಡುವವರಿದ್ದರು. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿಯ ಕಡ್ಡಿ, ಹಸಿರೆಲೆಗಳನ್ನು ಇಟ್ಟು ಬಾಯಿ ಮುಚ್ಚಿ ಬೆಂಕಿಯಲ್ಲಿ ಗಂಟೆಗಟ್ಟಲೆ ತಿದಿ ಊದಿ ಕಾಯಿಸುತ್ತಿದ್ದರು. ಕಡ್ಡಿ ಸುಟ್ಟು ಇಂಗಾಲವಾಗಿ ಕಬ್ಬಿಣಕ್ಕೆ ಸೇರಿ ಅದು ಉಕ್ಕಾಗುತ್ತಿತ್ತು. ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡಕ್ಕೆ ಇಂಥದೊಂದು ಪೂರ್ವಾಶ್ರಮವಿತ್ತೆಂದು ಅದನ್ನು ಕಡಿದು ಬೇಲಿಗೆ ಹಾಕುವವರಿಗೆ ಈಗ ಹೇಳಿದರೆ ನಂಬುವುದಿಲ್ಲ. ಇವತ್ತು ಮರದ ಬೊಂಬೆಗೆ ಹೆಸರಾದ ಚನ್ನಪಟ್ಟಣ ಅವತ್ತು ಉಕ್ಕಿನ ತಂತಿಗೆ ಹೆಸರಾಗಿತ್ತು. ವಾದ್ಯಗಳಿಗೆ ಬಿಗಿಯುವ ಆ ತಂತಿ ದೂರದೂರದ ಊರುಗಳಿಗೆ ಹೋಗುತ್ತಿತ್ತೆಂದು ಬುಕನನ್ ಬರೆದಿದ್ದಾನೆ. ವೀಣೆಗೆ ಬಿಗಿದರೆ ನಾದ, ಕಾಯಿಲಿಗೆ ಸಿಕ್ಕರೆ ಕಸ. ವಸ್ತು ಒಂದೇ.

ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಹಡಗಿನಲ್ಲಿ ಬಂದ ಇಂಗ್ಲೆಂಡಿನ ಅಗ್ಗದ ಕಬ್ಬಿಣವೂ ಇದ್ದಿಲಿಗೆ ಕಾಡು ಸಿಗದಾದದ್ದೂ ಸೇರಿ ಈ ಕುಲುಮೆಗಳನ್ನು ಆರಿಸಿದವು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಗುವಾಗ ಕರಿಮರಳು ಬಾಚುವವರ ಕಸುಬು ಹಳೆಯ ಮಾತಾಗಿತ್ತು. ಹಿಂದೆ ಉಳಿದದ್ದು ಕಿಟ್ಟ. ಗಾಜಿನಂತೆ ಮಿರುಗುವ, ತೂತುತೂತಾದ, ಕೈಗೆ ಭಾರವಾಗಿ ಹತ್ತುವ ಕಪ್ಪು ಉಂಡೆಗಳು. ಹಳೆಯ ಕುಲುಮೆ ಇದ್ದ ಜಾಗದಲ್ಲಿ ನೇಗಿಲಿಗೆ ಇವು ಸಿಗುತ್ತವೆ, ರೈತರು ಆಯ್ದು ಬದುವಿಗೆ ಎಸೆಯುತ್ತಾರೆ. ಒಂದು ಕುಲುಮೆ ಎಲ್ಲಿತ್ತು, ಎಷ್ಟು ದೊಡ್ಡದಿತ್ತು, ಹತ್ತಿರ ಯಾವ ಹಳ್ಳವಿತ್ತು ಎಂಬುದಕ್ಕೆ ಆ ಕಿಟ್ಟದ ರಾಶಿಯೇ ಸಾಕ್ಷಿ. ಕಬ್ಬಿಣವನ್ನು ತಳ್ಳಿಹಾಕುವ ಗುಂಡಿ ಒತ್ತಿದ ಡಿಟೆಕ್ಟರು ಇಂಥ ಹೊಲದ ಮೇಲೆ ಹಾಯ್ದುಹೋದರೆ ಅದಕ್ಕೆ ಏನೂ ಕೇಳಿಸುವುದಿಲ್ಲ. ಗುಳ, ಕುಡುಗೋಲು, ಲಾಳ, ಬಾಣದ ಮೊನೆ, ಬಂಡಿಯ ಪಟ್ಟಿ ಯಾವುದೂ ಕೇಳಿಸುವುದಿಲ್ಲ. ನಮ್ಮ ಸೀಮೆಯ ಚರಿತ್ರೆಯಲ್ಲಿ ಕೆಲಸ ಮಾಡಿದವರು ಕೈಯಲ್ಲಿ ಹಿಡಿದದ್ದೆಲ್ಲ ಕಬ್ಬಿಣ. ಬಂಗಾರ ಬೆರಳೆಣಿಕೆಯ ಮನೆಗಳದ್ದು.

ಆದರೂ ನಮ್ಮ ಕಡೆ ಹಳೆಯ ಕಲ್ಲು ಕಂಡ ಕಡೆಯೆಲ್ಲ ಜನರಿಗೆ ನೆನಪಾಗುವುದು ಬಂಗಾರವೇ. ಕೆಂಪೇಗೌಡರ ಸೀಮೆ ಎಂದ ಮೇಲೆ ಕೇಳಬೇಕೆ? ಹಿರಿಯ ಕೆಂಪೇಗೌಡರು ವಿಜಯನಗರದ ಅಪ್ಪಣೆಯಿಲ್ಲದೆ ಸ್ವಂತ ನಾಣ್ಯ ಟಂಕಿಸಿದರೆಂದೂ ಅದಕ್ಕಾಗಿ ಆನೆಗೊಂದಿಯ ಸೆರೆಯಲ್ಲಿ ಐದು ವರ್ಷ ಕಳೆದರೆಂದೂ ಹೇಳುತ್ತಾರೆ. 1638ರಲ್ಲಿ ಬಿಜಾಪುರದ ಸೈನ್ಯ ಬೆಂಗಳೂರನ್ನು ಹಿಡಿದ ಮೇಲೆ ಇಮ್ಮಡಿ ಕೆಂಪೇಗೌಡರು ಮಾಗಡಿಗೆ ಬಂದರು. 1728ರಲ್ಲಿ ಮಾಗಡಿ ಮೈಸೂರಿನ ಪಾಲಾಯಿತು. ಹೀಗೆ ಕೈ ಬದಲಾದ ಸೀಮೆಯಲ್ಲಿ ಯಾರೋ ಹೊರಡುವ ಮುನ್ನ ಏನನ್ನೋ ಹೂತಿಟ್ಟಿರಬೇಕು ಎಂಬ ಊಹೆಗೆ ಸಾವಿಲ್ಲ. ಕೋಟೆಯ ಬಾಗಿಲ ಹೊಸ್ತಿಲು, ಬಸವಣ್ಣನ ಪೀಠ, ಮಾಸ್ತಿಕಲ್ಲಿನ ಬುಡ ಎಲ್ಲವನ್ನೂ ನಿಧಿಗಳ್ಳರು ಅಗೆದಿದ್ದಾರೆ. ಕರ್ನಾಟಕದ ಯಾವ ಜಿಲ್ಲೆಯ ಹಳೆಯ ಗುಡಿಗೆ ಹೋದರೂ ಒಂದಾದರೂ ಮಗುಚಿದ ಕಲ್ಲು ಕಾಣುತ್ತದೆ. ಮೊದಲು ಕೋಳಿ, ನಿಂಬೆಹಣ್ಣು, ಅಂಜನ ಇತ್ತು. ಈಗ ಅದರ ಜೊತೆ ಕಾಯಿಲೂ ಸೇರಿಕೊಂಡಿದೆ.

ಮಾಗಡಿ ತಾಲ್ಲೂಕಿನ ಕೆಂಪಾಪುರದ ಕತೆ ಇಲ್ಲಿ ನೆನೆಯಬೇಕಾದದ್ದು. 2007ರಿಂದ ರಾಮನಗರ ಜಿಲ್ಲೆಯಲ್ಲಿದ್ದು, 2025ರಲ್ಲಿ ಹೆಸರು ಬದಲಾಗಿ ಬೆಂಗಳೂರು ದಕ್ಷಿಣ ಜಿಲ್ಲೆಗೆ ಸೇರಿದ ಊರು ಇದು. ಬೆಂಗಳೂರು ಕಟ್ಟಿದ ಹಿರಿಯ ಕೆಂಪೇಗೌಡರು 1569ರಲ್ಲಿ ತೀರಿಕೊಂಡರೆಂದು ಪುಸ್ತಕಗಳು ಹೇಳುತ್ತಿದ್ದವು. ಎಲ್ಲಿ ಎಂಬುದು ಮಾತ್ರ ಹೊರಲೋಕಕ್ಕೆ ಗೊತ್ತಿರಲಿಲ್ಲ. 2015ರಲ್ಲಿ ಕೆಂಪಾಪುರದ ಒಂದು ಹಳೆಯ ಸಮಾಧಿಯ ಮೇಲಿನ ಬರಹವನ್ನು ಓದಿದಾಗ ಉತ್ತರ ಸಿಕ್ಕಿತು. ಕುಣಿಗಲ್ ಕಡೆಯಿಂದ ಬಂದ ಹಿರಿಯ ಕೆಂಪೇಗೌಡರು ಜಗಳದಲ್ಲಿ ಐಕ್ಯರಾದ ಜಾಗ ಇದು ಎಂಬ ಅರ್ಥದ ಕೆಲವೇ ಕನ್ನಡ ಪದಗಳು. ಕೋಟೆ, ಕೆರೆ, ಪೇಟೆ ಕಟ್ಟಿದವರ ಕೊನೆಯ ಜಾಗ ನೂರಾರು ವರ್ಷ ಹೊಲಗಳ ನಡುವೆ, ಎಲ್ಲರ ಕಣ್ಣೆದುರೇ ಇತ್ತು.

ಆ ಬರಹದಲ್ಲಿ ಮುಖ್ಯವಾದ ಪದ 'ಸ್ಥಳ' ಎಂಬುದು. ಅಲ್ಲಿ ಪತ್ತೆಯಾದದ್ದು ಬಂಗಾರವಲ್ಲ, ಕತ್ತಿಯಲ್ಲ, ಒಂದು ಜಾಗ. ಯಾರೋ ಆ ಕಲ್ಲನ್ನು ನಿಧಿಯ ಆಸೆಗೆ ಕಿತ್ತು ಮಗುಚಿ, ಬೇರೆಲ್ಲೋ ಎಸೆದು ಹೋಗಿದ್ದರೆ ಅಕ್ಷರಗಳು ಉಳಿದರೂ ಅವುಗಳ ಅರ್ಥ ಹೋಗುತ್ತಿತ್ತು. 'ಇಲ್ಲಿ' ಎಂದು ಹೇಳುವ ಕಲ್ಲು ಇಲ್ಲಿಯೇ ಇರಬೇಕು.

ನೆಲದೊಳಗಿನ ಲೋಹಕ್ಕೂ ಇದೇ ಮಾತು ಸಲ್ಲುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಉದಾಹರಣೆ ಕೊಡುತ್ತೇನೆ. 1876ರಲ್ಲಿ ಲಿಟಲ್ ಬಿಗ್‌ಹಾರ್ನ್ ಎಂಬಲ್ಲಿ ಮೂಲನಿವಾಸಿಗಳು ಕಸ್ಟರ್ ಎಂಬ ಸೇನಾಧಿಕಾರಿಯ ತುಕಡಿಯನ್ನು ಅಳಿಸಿಹಾಕಿದರು. 1983ರಲ್ಲಿ ಅಲ್ಲಿನ ಹುಲ್ಲಿಗೆ ಬೆಂಕಿ ಬಿದ್ದು ನೆಲ ಬಯಲಾಯಿತು. ಮರುವರ್ಷ ಪುರಾತತ್ತ್ವಜ್ಞರು ಡಿಟೆಕ್ಟರ್ ಹವ್ಯಾಸಿಗಳನ್ನು ಸಾಲಾಗಿ ನಿಲ್ಲಿಸಿ ನಡೆಸಿದರು. ಸದ್ದು ಬಂದ ಕಡೆ ಅಗೆಯುವಂತಿರಲಿಲ್ಲ, ಒಂದು ಪುಟ್ಟ ಬಾವುಟ ನೆಡಬೇಕು ಅಷ್ಟೇ. ನಕ್ಷೆಯಲ್ಲಿ ಗುರುತಾದ ಮೇಲೆಯೇ ಅಗೆತ. ಸಿಕ್ಕ ತೋಟಾಗಳ ಮೇಲಿನ ಗುರುತಿನಿಂದ ಒಂದೊಂದು ಬಂದೂಕು ಎಲ್ಲಿಂದ ಎಲ್ಲಿಗೆ ಸರಿಯಿತೆಂದು ಹೇಳಲು ಸಾಧ್ಯವಾಯಿತು. ಒಂದು ತೋಟಾಕ್ಕೆ ಸಂತೆಯಲ್ಲಿ ಬೆಲೆಯಿಲ್ಲ. ನೂರಾರು ತೋಟಾಗಳು ಬಿದ್ದ ಜಾಗದಲ್ಲೇ ಇದ್ದುದರಿಂದ ಒಂದು ಯುದ್ಧದ ಕತೆಯೇ ಬದಲಾಯಿತು. ಅಲ್ಲಿ ಬಳಸಿದ್ದೂ ಇದೇ ಕಾಯಿಲುಗಳನ್ನು.

ನಮ್ಮಲ್ಲೂ ಅಂಥ ನೆಲವಿದೆ. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗದ ಮೇಲೆ ಏರಿ ಕೋಟೆ ಹಿಡಿಯಿತು. ಅದಕ್ಕೆ ಮೊದಲು ದಿನಗಟ್ಟಲೆ ಫಿರಂಗಿಗಳು ಗೋಡೆಯನ್ನು ಹೊಡೆದಿದ್ದವು. ಈ ಯುದ್ಧದ ಬಗ್ಗೆ ನಾವು ಓದುವುದೆಲ್ಲ ಗೆದ್ದವರು ಬರೆದದ್ದು. ಕೋಟೆಯೊಳಗೆ ಸತ್ತವರು, ಬಂಡೆಯಿಂದ ಉರುಳಿದವರು ಏನನ್ನೂ ಬರೆದಿಡಲಿಲ್ಲ. ಅವರ ಪರವಾಗಿ ಹೇಳಲು ಉಳಿದಿರುವುದೆಂದರೆ ಕುರುಚಲು ಕಾಡಿನ ಮಣ್ಣಿನಲ್ಲಿ ಬಿದ್ದಲ್ಲೇ ಬಿದ್ದಿರುವ ಸೀಸ ಮತ್ತು ಕಬ್ಬಿಣ. ಒಂದು ಗುಂಡನ್ನು ಯಾರಾದರೂ ನೆನಪಿಗೆಂದು ಜೇಬಿಗಿಳಿಸಿದರೆ ಅವರಿಗೆ ಸಿಗುವುದು ಒಂದು ಗುಂಡು. ನಮ್ಮಿಂದ ಹೋಗುವುದು ಒಂದು ವಾಕ್ಯ.

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ, ಹಿಂದಿನ ಬಿದನೂರಿನಲ್ಲಿ, ಆದದ್ದು ಇದಕ್ಕೆ ಇನ್ನೊಂದು ಮುಖ. 2018ರಲ್ಲಿ ಒಂದು ಹಾಳುಬಾವಿಯ ಹೂಳೆತ್ತಿದಾಗ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕವು. ಗೇಣುದ್ದದ, ತುಕ್ಕು ತಿಂದ ಕೊಳವೆಗಳು. ಬಾವಿಯ ಕೆಸರು ಮದ್ದಿನ ವಾಸನೆ ಹೊಡೆಯುತ್ತಿದ್ದುದೇ ಸುಳಿವು. ಗುಜರಿಯವನ ತಕ್ಕಡಿಯಲ್ಲಿ ಅವು ತೂಕದ ಕಬ್ಬಿಣ. ಒಂದೇ ಬಾವಿಯಲ್ಲಿ ಒಟ್ಟಿಗೆ ಸಿಕ್ಕಿದ್ದರಿಂದಲೇ ಮೈಸೂರಿನ ರಾಕೆಟ್ಟುಗಳನ್ನು ರಾಶಿಯಾಗಿ ಮಾಡಿ ಕೂಡಿಡುತ್ತಿದ್ದರೆಂಬುದಕ್ಕೆ ಸಾಕ್ಷಿಯಾದವು.

ಕಾನೂನು ಈ ವಿಷಯವನ್ನು ಬಹಳ ಹಿಂದೆಯೇ ಒಂದು ಮಟ್ಟಿಗೆ ಕಂಡುಕೊಂಡಿತ್ತು. 1878ರ ಭಾರತೀಯ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗೆ ಮೀರಿದ ಬೆಲೆಯ ವಸ್ತು ಸಿಕ್ಕವರು ಕಲೆಕ್ಟರಿಗೆ ಬರೆದು ತಿಳಿಸಬೇಕು. ಏನು ಸಿಕ್ಕಿತು, ಎಷ್ಟು ಬೆಲೆಯದ್ದು, ಯಾವತ್ತು ಸಿಕ್ಕಿತು ಎಂಬುದರ ಜೊತೆಗೆ ಎಲ್ಲಿ ಸಿಕ್ಕಿತು ಎಂಬುದನ್ನೂ ಹೇಳಬೇಕು. ನಮ್ಮ ರಾಜ್ಯಕ್ಕೆ 1962ರದ್ದೇ ಒಂದು ನಿಧಿ ಕಾಯ್ದೆಯಿದೆ, ಸಂರಕ್ಷಿತ ಸ್ಮಾರಕಗಳಿಗೆ ಬೇರೆ ಕಾಯ್ದೆಗಳಿವೆ. ಆದರೆ ಕಾನೂನಿನ ಕಣ್ಣು ಬೀಳುವುದು ಬೆಲೆಬಾಳುವ ವಸ್ತುವಿನ ಮೇಲೆ. ಕಿಟ್ಟದ ರಾಶಿಗೆ, ಮುರಿದ ಗುಳಕ್ಕೆ ಹತ್ತು ರೂಪಾಯಿಯ ಬೆಲೆಯೂ ಬರುವುದಿಲ್ಲ.

ಡಿಟೆಕ್ಟರ್ ಹಿಡಿದವನೊಬ್ಬ ಅಗೆಯುವುದು ಒಂದು ಮೊಳ ಆಳದ ಗುಂಡಿ. ಅದಕ್ಕಿಂತ ದೊಡ್ಡ ಬಾಯಿ ಬೇರೆಯಿದೆ. ಬೆಂಗಳೂರಿನ ಕಟ್ಟಡಗಳಿಗೆ ಮರಳು ಸಾಲದೆ ಹೋದಾಗ ಸುತ್ತಲಿನ ತಾಲ್ಲೂಕುಗಳಲ್ಲಿ ಫಿಲ್ಟರ್ ಮರಳಿನ ದಂಧೆ ಹುಟ್ಟಿತು. ಕೆರೆಯಂಗಳದ ಮಣ್ಣನ್ನು, ಹೊಲದ ಮೇಲ್ಮಣ್ಣನ್ನು ಪಂಪಿನ ನೀರಿನಲ್ಲಿ ಕಲಸಿ ತೊಳೆದು ಮರಳು ಬೇರೆ ಮಾಡಿ ರಾತ್ರೋರಾತ್ರಿ ಲಾರಿಗೆ ತುಂಬುವುದು. ಇದೂ ಜಾಲಿಸುವುದೇ. ಮಳೆ ಸಾವಿರಾರು ವರ್ಷ ನಿಧಾನವಾಗಿ ಮಾಡಿದ್ದನ್ನು ಮೋಟಾರು ಒಂದು ವಾರದಲ್ಲಿ ಮಾಡುತ್ತದೆ. ಆ ಮಣ್ಣಿನಲ್ಲಿ ಪದರಪದರವಾಗಿ ಏನೇನಿತ್ತೋ, ಎಲ್ಲವೂ ಪಿಲ್ಲರು ಗೋಡೆಗಳೊಳಗೆ ಸೇರಿಹೋಗಿದೆ. ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನ ಗಾರೆಯನ್ನು ಕೆರೆದು ಅಯಸ್ಕಾಂತ ಹಿಡಿದರೆ ನಮ್ಮ ಹಳ್ಳದ ಕರಿಮರಳು ಅದಕ್ಕೆ ಅಂಟಿಕೊಂಡರೂ ಆಶ್ಚರ್ಯವಿಲ್ಲ.

ತಂಗಿಯ ಮಗನಿಗೆ ಕಾಯಿಲಿನ ಬಗ್ಗೆ ನಾನು ಹೇಳಿದ್ದು ಇಷ್ಟು. ಮಲ್ಪೆಯಲ್ಲಿ ನಡೆಯುವುದಾದರೆ ಮಧ್ಯಮ ಗಾತ್ರದ, ನೀರು ಒಳಹೋಗದ ಡಬಲ್ ಡಿ ಒಂದನ್ನೇ ಕೊಳ್ಳು. ಒಣಮರಳಿನಲ್ಲೂ ಅದು ಸೋಲುವುದಿಲ್ಲ. ಒದ್ದೆ ಮರಳಿನ ಮೇಲೆ ಕಾಯಿಲನ್ನು ಒಂದೇ ಎತ್ತರದಲ್ಲಿ, ನಿಧಾನವಾಗಿ ಬೀಸು. ಉಪ್ಪು ಕಿರುಚಿದರೆ ಯಂತ್ರದ ಸೂಕ್ಷ್ಮತೆ ಇಳಿಸು, ಆಳ ಹೋದರೆ ಹೋಗಲಿ. ಮಳೆಗಾಲ ಕಳೆದ ಮೇಲೆ ಕಪ್ಪು ಪಟ್ಟೆಗಳನ್ನು ಬಿಡಬೇಡ. ಕಬ್ಬಿಣದ ಗುಂಡಿಯನ್ನು ಆರಿಸಿಯೇ ಇಡು. ನಿನಗೆ ಚಿನ್ನ ಸಿಗದಿದ್ದರೂ ಬರಿಗಾಲಿನಲ್ಲಿ ಓಡುವ ಮಕ್ಕಳ ಪಾದಕ್ಕೆ ಒಂದು ಕೊಕ್ಕೆ ಕಡಿಮೆಯಾಗುತ್ತದೆ. ಅಗೆದ ಗುಂಡಿ ಮುಚ್ಚು. ಹಳೆಯದೇನಾದರೂ ಸಿಕ್ಕರೆ ಜಾಗ ಗುರುತು ಹಾಕಿಕೊಂಡು ತಾಲ್ಲೂಕು ಕಚೇರಿಗೆ ತಿಳಿಸು.

"ಆಯ್ತು ಮಾವ. ಹಬ್ಬಕ್ಕೆ ಊರಿಗೆ ಬಂದಾಗ ತರ್ತೀನಿ, ಕೆಂಪಾಪುರದ ಕಡೆ ಹೊಲದಲ್ಲಿ ಒಂದ್ಸಲ ಆಡಿಸಿ ನೋಡೋಣ್ವಾ? ಅಲ್ಲಿ ಉಪ್ಪಿಲ್ಲ, ಒಣನೆಲ, ಚೆನ್ನಾಗಿ ಕೇಳಿಸುತ್ತೆ" ಎಂದ.

ಬೇಡ ಎಂದೆ. ಕಡಲ ತೀರದ ಅಲೆ ಸಾಲಿನಲ್ಲಿ ಯಾವ ವಸ್ತುವಿಗೂ ತನ್ನದೆನ್ನುವ ಜಾಗವಿಲ್ಲ. ನಿನ್ನೆ ಬಿದ್ದ ಉಂಗುರವನ್ನು ಸಮುದ್ರ ಇವತ್ತು ಹತ್ತು ಮಾರು ಆಚೆ ಇಟ್ಟಿರುತ್ತದೆ. ಅಲ್ಲಿಂದ ಎತ್ತಿದರೆ ಯಾವ ಕತೆಯೂ ಕೆಡುವುದಿಲ್ಲ, ಕಳೆದುಕೊಂಡವರಿಗೆ ಮರಳಿ ಸಿಕ್ಕರೆ ಸಂತೋಷವೇ. ನಮ್ಮ ಹೊಲದ ಮಣ್ಣು ಹಾಗಲ್ಲ. ಅಲ್ಲಿ ಒಂದು ಲಾಳ ಬಿದ್ದಿದ್ದರೆ ಆ ಕುದುರೆ ಅಲ್ಲೇ ಎಡವಿತ್ತು. ಹುಡುಕಲೇಬೇಕೆಂದಿದ್ದರೆ ಬಾವುಟ ನೆಡಲು, ನಕ್ಷೆ ಬರೆಯಲು ಬಲ್ಲವರು, ಸರ್ಕಾರದ ಅನುಮತಿ ಹಿಡಿದವರು ಬರಲಿ. ಆಗ ನೀನೂ ಅವರ ಸಾಲಿನಲ್ಲಿ ನಿಂತು ಆಡಿಸು, ನಾನು ಬಾವುಟ ಹಿಡಿದುಕೊಂಡು ಬರುತ್ತೇನೆ.

ಅವನು ಒಪ್ಪಿದನೋ, ಮಾವನ ಮಾತಿಗೆ ಎದುರಾಡಬಾರದೆಂದು ಸುಮ್ಮನಾದನೋ ಹೇಳಲಾರೆ. ಹಬ್ಬಕ್ಕೆ ಬರಿಗೈಯಲ್ಲಿ ಬಂದ. ಊಟವಾದ ಮೇಲೆ ಇಬ್ಬರೂ ಕೆಂಪಾಪುರಕ್ಕೆ ಹೋಗಿ ಸಮಾಧಿಯ ಮುಂದೆ ನಿಂತೆವು. ಅಕ್ಷರಗಳನ್ನು ಬೆರಳಿನಿಂದ ಮುಟ್ಟದೆ, ಬಿಸಿಲು ಓರೆಯಾಗಿ ಬೀಳುವವರೆಗೆ ಕಾದು ನೋಡಬೇಕು. ಆಗ ಗೀರುಗಳಲ್ಲಿ ನೆರಳು ತುಂಬಿ ಬರಹ ಎದ್ದುಕಾಣುತ್ತದೆ. ಒಂದೊಂದೇ ಅಕ್ಷರ ಕೂಡಿಸಿಕೊಂಡು ಅವನು ಗಟ್ಟಿಯಾಗಿ ಓದಿದ.